ಮರ ಎಣಿಸುವ ಕಾನೂನು, ಮುಳ್ಳುಪೊದೆಯ ಕಾಡು

(ಗಂಗಾವತಿಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರು, ಕುರಿಗಾರರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಅರಣ್ಯ ಕಾನೂನಿನಿಂದ ಜೀವವೈವಿಧ್ಯ ಉಳಿದಿದೆಯೇ ಎಂದು ಶಿರಸಿಯಲ್ಲಿ ಕೇಳಿದರೆ ಎದುರಿನ ಹಸಿರು ಗುಡ್ಡ ತೋರಿಸಿ ಮಾತು ಶುರು ಮಾಡಬಹುದು. ಇಲ್ಲಿ ಕೈ ತೋರಿಸಿದರೆ ಕಾಣುವುದು ಬಂಡೆ, ಬಂಡೆಯ ಸಂದಿನಲ್ಲಿ ಕವಳೆ, ಕಾರೆ, ತಂಗಡಿ, ಅಲ್ಲೊಂದು ಇಲ್ಲೊಂದು ಕಮರದ ಮರ. ಬೇಸಿಗೆಯಲ್ಲಿ ಅದೂ ಎಲೆ ಉದುರಿಸಿ ನಿಂತಿರುತ್ತದೆ. ಹೊರಗಿನವರು ಇದನ್ನು ಬರಡು ಎನ್ನುತ್ತಾರೆ. ಬೇಸರದ ಸಂಗತಿಯೆಂದರೆ ಕಾನೂನೂ ಎಷ್ಟೋ ಕಡೆ ಹಾಗೇ ಅನ್ನುತ್ತದೆ.

ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಉಪಗ್ರಹ ಚಿತ್ರ ನೋಡಿ ದೇಶದ ಅರಣ್ಯ ಹೊದಿಕೆಯ ಲೆಕ್ಕ ಹಾಕುತ್ತದೆ. ಅದರ ಅಳತೆಗೋಲು ಹೀಗಿದೆ: ಕನಿಷ್ಠ 1 ಹೆಕ್ಟೇರ್ ಜಾಗ, ಅದರ ಮೇಲೆ ಮರಗಳ ನೆತ್ತಿಯ ನೆರಳು ಶೇ 10ಕ್ಕಿಂತ ಕಡಿಮೆ ಇರಬಾರದು. ಶೇ 10ರಿಂದ 40ರವರೆಗೆ ವಿರಳ ಅರಣ್ಯ, 40ರಿಂದ 70 ಸಾಧಾರಣ ದಟ್ಟ, 70 ದಾಟಿದರೆ ಅತಿ ದಟ್ಟ. ಶೇ 10ಕ್ಕಿಂತ ಕಡಿಮೆಯಾದರೆ ‘ಕುರುಚಲು’ ಎಂಬ ಬೇರೆ ಕಾಲಂಗೆ ಹೋಗುತ್ತದೆ, ಅರಣ್ಯದ ಮೊತ್ತಕ್ಕೆ ಸೇರುವುದಿಲ್ಲ. ಅದೇ ಅಳತೆಗೋಲಿನಲ್ಲಿ ಒತ್ತಾಗಿ ಬೆಳೆದ ನೀಲಗಿರಿ ತೋಪು, ಮಾವಿನ ತೋಟ ಅರಣ್ಯ ಹೊದಿಕೆಯೇ ಆಗುತ್ತದೆ! ಕರಡಿ ಇರುವ ಗುಡ್ಡ ಲೆಕ್ಕದಿಂದ ಹೊರಗೆ, ಇರುವೆಯೂ ಸುಳಿಯದ ನೀಲಗಿರಿ ಲೆಕ್ಕದ ಒಳಗೆ.

ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಕಾನೂನು ಇಲ್ಲವೆಂದು ಜೀವಿಗಳು ಸತ್ತಿದ್ದು ಕಡಿಮೆ. ಯಾವ ನೆಲಕ್ಕೆ ಯಾವ ಕಲಂ ಎಂಬುದು ತಪ್ಪಿದ್ದರಿಂದ ಸತ್ತಿದ್ದು ಹೆಚ್ಚು. ಆದ್ದರಿಂದ ಕಾನೂನುಗಳ ಪಟ್ಟಿ ಓದುವುದಿಲ್ಲ. ನೆಲದ ಮೇಲೆ ನಡೆದು ಕಲಮುಗಳನ್ನು ನೋಡೋಣ.

ಮೂರು ಸರ್ಕಾರಗಳ ಕಾಗದ

ಮೊದಲು ಗಡಿ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಅಲ್ಲಿ ಕಾಯ್ದಿಟ್ಟ ಅರಣ್ಯ ಆದದ್ದು 1882ರ ಮದ್ರಾಸ್ ಅರಣ್ಯ ಕಾಯ್ದೆಯಡಿ. ಸಂಡೂರು ಸ್ವಂತ ಸಂಸ್ಥಾನ, 1949ರಲ್ಲಿ ಮದ್ರಾಸಿಗೆ ವಿಲೀನವಾಯಿತು. ರಾಯಚೂರು, ಅದರ ಹೊಟ್ಟೆಯಿಂದ 1997ರಲ್ಲಿ ಹುಟ್ಟಿದ ಕೊಪ್ಪಳ, ಎರಡೂ ನಿಜಾಮರ ಸೀಮೆ. ಅಲ್ಲಿ ಇದ್ದದ್ದು ಫಸಲಿ 1355ರ (ಅದು ನಿಜಾಮರ ಕಾಲದ ವರ್ಷಗಣನೆ) ಹೈದರಾಬಾದ್ ಅರಣ್ಯ ಕಾಯ್ದೆ. 1963ರ ಕರ್ನಾಟಕ ಅರಣ್ಯ ಕಾಯ್ದೆ ಬಂದು ಇವನ್ನೆಲ್ಲ ರದ್ದು ಮಾಡಿತು, ಆದರೆ ಹಳೆಯ ಅಧಿಸೂಚನೆಗಳನ್ನು ಉಳಿಸಿಕೊಂಡಿತು. ಹಾಗಾಗಿ ಇವತ್ತಿಗೂ ಒಂದು ಗುಡ್ಡದ ಹದ್ದು ತಿಳಿಯಬೇಕಾದರೆ ಇಂಗ್ಲಿಷಿನ ಜಿಲ್ಲಾ ಗೆಜೆಟ್ಟನ್ನೋ ಉರ್ದುವಿನ ಜರೀದೆಯನ್ನೋ ಹುಡುಕಬೇಕಾಗುತ್ತದೆ.

1963ರ ಕಾಯ್ದೆಯಲ್ಲಿ ಕಾಯ್ದಿಟ್ಟ ಅರಣ್ಯ ಆಗುವ ದಾರಿ ಹೀಗೆ. 4ನೇ ಕಲಮಿನಡಿ ಸರ್ಕಾರ ‘ಈ ಜಾಗವನ್ನು ಅರಣ್ಯ ಮಾಡುವ ಉದ್ದೇಶವಿದೆ’ ಎಂದು ಪ್ರಕಟಿಸುತ್ತದೆ. ಅರಣ್ಯ ವ್ಯವಸ್ಥಾಪನಾಧಿಕಾರಿಯನ್ನು ನೇಮಿಸುತ್ತದೆ, ಸಾಮಾನ್ಯವಾಗಿ ಉಪವಿಭಾಗಾಧಿಕಾರಿಯೇ ಆ ಹೊಣೆ ಹೊರುತ್ತಾರೆ. ಅವರು ಊರಲ್ಲಿ ಡಂಗುರ ಹೊಡೆಸಿ, ಹಕ್ಕು ಹೇಳಿಕೊಳ್ಳಲು ಕಡಿಮೆಯೆಂದರೆ ಮೂರು ತಿಂಗಳು ಕೊಡಬೇಕು. ದಾರಿ, ನೀರು, ಮೇವು, ಉಳುಮೆ, ಒಂದೊಂದನ್ನೂ ವಿಚಾರಿಸಿ ಇತ್ಯರ್ಥ ಮಾಡಬೇಕು. ಅದೆಲ್ಲ ಮುಗಿದ ಮೇಲೆ 17ನೇ ಕಲಮಿನ ಅಂತಿಮ ಅಧಿಸೂಚನೆ.

ಎಡವಟ್ಟು ಆಗುವುದು 4 ಮತ್ತು 17ರ ನಡುವೆ. 4 ಆಗಿ ದಶಕಗಳು ಕಳೆದರೂ 17 ಆಗದ ಜಾಗಗಳಿವೆ. 4ರ ನಂತರ ಹೊಸ ಹಕ್ಕು ಹುಟ್ಟುವಂತಿಲ್ಲ ಎಂದು 5ನೇ ಕಲಂ ಹೇಳುತ್ತದೆ. ಆದರೆ ತಹಸೀಲ್ದಾರ್ ಕಚೇರಿಯ ಪಹಣಿಯಲ್ಲಿ 9ನೇ ಕಾಲಂ ‘ಸರ್ಕಾರಿ’, 11ನೇ ಕಾಲಂ ಖಾಲಿ. ಕಂದಾಯದವರ ಕಣ್ಣಿಗೆ ಅದು ಖಾರಿಜ ಖಾತಾ, ಇಲ್ಲವೇ ಗಾಯರಾಣ (ಊರ ದನಕುರಿ ಮೇಯುವ ಜಾಗ), ಬಳ್ಳಾರಿ ಕಡೆ ಪರಂಪೋಕು. ಅವರು ಯಾರಿಗೋ ಮಂಜೂರು ಮಾಡುತ್ತಾರೆ, ಗಣಿ ಇಲಾಖೆಯವರು ಕಲ್ಲುಕ್ವಾರಿಗೆ ಗುತ್ತಿಗೆ ಕೊಡುತ್ತಾರೆ. ಹತ್ತು ವರ್ಷದ ಮೇಲೆ ಅರಣ್ಯ ಇಲಾಖೆ ನಕ್ಷೆ ಹಿಡಿದು ಬಂದಾಗ ಅಲ್ಲಿ ಬಂಡೆಯೂ ಇರುವುದಿಲ್ಲ, ಬಂಡೆಯ ಗವಿಯಲ್ಲಿದ್ದ ಕೊಂಬಿನ ಗೂಬೆಯೂ ಇರುವುದಿಲ್ಲ. ಆಮೇಲೆ ನಡೆಯುವುದು ಎರಡು ಇಲಾಖೆಗಳ ನಡುವಿನ ಪತ್ರ ವ್ಯವಹಾರ.

ಪಂಚಾಯಿತಿ ಸದಸ್ಯರು ಇಲ್ಲಿ ಮಾಡಬಹುದಾದ ಕೆಲಸ ಚಿಕ್ಕದು. ನಿಮ್ಮ ಊರಿನ ಅರಣ್ಯದ ಸರ್ವೆ ನಂಬರುಗಳ ಪಟ್ಟಿಯನ್ನು ವಲಯ ಅರಣ್ಯಾಧಿಕಾರಿಯಿಂದ ಪಡೆಯಿರಿ. ಒಂದೊಂದು ನಂಬರಿನ ಪಹಣಿ ತೆಗೆಸಿ. 11ನೇ ಕಾಲಂನಲ್ಲಿ ಅರಣ್ಯ ಎಂಬ ನಮೂದು, ಅಧಿಸೂಚನೆಯ ಸಂಖ್ಯೆ, ದಿನಾಂಕ ಇದೆಯೇ ನೋಡಿ. ಇಲ್ಲದಿದ್ದರೆ ಜಂಟಿ ಸರ್ವೆಗೆ ಅರ್ಜಿ ಕೊಡಿ. ಜಂಟಿ ಎಂದರೆ ಅರಣ್ಯ, ಕಂದಾಯ, ಭೂಮಾಪನ ಮೂವರೂ ಒಂದೇ ದಿನ ಬಂದು ಒಂದೇ ನಕ್ಷೆಗೆ ಸಹಿ ಹಾಕಬೇಕು. ಒಬ್ಬೊಬ್ಬರೇ ಬಂದು ಅಳೆದರೆ ಮೂರು ನಕ್ಷೆ ಹುಟ್ಟುತ್ತವೆ, ತಕರಾರು ಮೊದಲಿಗಿಂತ ಬಲಿಯುತ್ತದೆ.

ಕಾಗದದಲ್ಲಿ ಅರಣ್ಯವೆಂದು ಬರೆಯದ, ಆದರೆ ನೆಲದ ಮೇಲೆ ಕಾಡೇ ಆಗಿರುವ ಜಾಗದ ಗತಿಯೇನು? 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಿಘಂಟಿನ ಅರ್ಥದಲ್ಲಿ ಕಾಡು ಯಾವುದೋ ಅದಕ್ಕೆಲ್ಲ, ಕೇಂದ್ರದ ಒಪ್ಪಿಗೆಯಿಲ್ಲದೆ ಕಾಡನ್ನು ಬೇರೆ ಉದ್ದೇಶಕ್ಕೆ ಬಳಸಬಾರದು ಎನ್ನುವ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅನ್ವಯ, ಒಡೆತನ ಯಾರದ್ದಾದರೂ ಸರಿ, ಎಂದಿತು. ನಾವು ಡೀಮ್ಡ್ ಫಾರೆಸ್ಟ್ ಎನ್ನುವುದು ಇದನ್ನೇ. ಕರ್ನಾಟಕ ಮೊದಲು ಗುರುತಿಸಿದ್ದು 9.94 ಲಕ್ಷ ಹೆಕ್ಟೇರ್, 2022ರಲ್ಲಿ ಉಳಿಸಿಕೊಂಡದ್ದು ಸುಮಾರು 3.30 ಲಕ್ಷ. 2023ರ ತಿದ್ದುಪಡಿ ದಾಖಲೆಯಲ್ಲಿರುವ ಅರಣ್ಯಕ್ಕಷ್ಟೇ ಕಾಯ್ದೆ ಎಂದು ಬೇಲಿ ಹಾಕಿತು. 2024ರ ಫೆಬ್ರುವರಿ 19ರ ಮಧ್ಯಂತರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಸದ್ಯಕ್ಕೆ 1996ರ ಅರ್ಥವನ್ನೇ ಅನುಸರಿಸಿ ಎಂದಿದೆ. ಕುರುಚಲು ಕಾಡಿಗೆ ಈ ಜಗ್ಗಾಟ ಜೀವನ್ಮರಣದ್ದು. ಮರ ಎಣಿಸಿ ಗುರುತಿಸುವ ಪದ್ಧತಿಯಲ್ಲಿ ಡೀಮ್ಡ್ ಪಟ್ಟಿಯಿಂದ ಮೊದಲು ಉದುರುವುದು ಅದೇ.

ಕರಡಿಯ ಬಾಯಿ

ದರೋಜಿ ಕರಡಿಧಾಮ ಘೋಷಣೆಯಾದದ್ದು 1994ರಲ್ಲಿ. ಬಿಳಿಕಲ್ಲು ಕಾಯ್ದಿಟ್ಟ ಅರಣ್ಯದಿಂದ ಶುರುವಾಗಿ, 2009ರಲ್ಲಿ ಬುಕ್ಕಸಾಗರದ ಅರಣ್ಯ ಸೇರಿ, 82.72 ಚದರ ಕಿಲೋಮೀಟರಿಗೆ ಬೆಳೆಯಿತು. ಮೊದಲೇ ಕಾಯ್ದಿಟ್ಟ ಅರಣ್ಯವಾಗಿದ್ದ ಜಾಗ ಮತ್ತೆ ಧಾಮ ಯಾಕೆ ಆಗಬೇಕಿತ್ತು?

ಕರಡಿ ಹೇಗೆ ಉಣ್ಣುತ್ತದೆ ಎಂದು ನೋಡಿದರೆ ಉತ್ತರ ಸಿಗುತ್ತದೆ. ಅದರ ಮೇಲ್ದವಡೆಯಲ್ಲಿ ನಡುವಿನ ಎರಡು ಹಲ್ಲುಗಳಿಲ್ಲ. ಗೆದ್ದಲ ಹುತ್ತವನ್ನು ಉಗುರಿನಿಂದ ಕೆದರಿ, ಮೊದಲು ಉಫ್ ಎಂದು ಊದಿ ಮಣ್ಣು ಹಾರಿಸುತ್ತದೆ. ಆಮೇಲೆ ತುಟಿ ಕೊಳವೆಯಂತೆ ಮುಂದೆ ಚಾಚಿ, ಮೂಗಿನ ಹೊಳ್ಳೆ ಮುಚ್ಚಿಕೊಂಡು, ಹಲ್ಲಿಲ್ಲದ ಆ ಸಂದಿನಿಂದ ಗೆದ್ದಲನ್ನು ಹೀರುತ್ತದೆ. ದೂರದವರೆಗೆ ಕೇಳುವಷ್ಟು ಸದ್ದು. ಗೆದ್ದಲು, ಇರುವೆ, ಜೇನು, ಮತ್ತೆ ಕವಳೆ, ಬಾರೆ, ಉಲುಪಿ, ಜಾನೆ, ಸೀತಾಫಲದ ಹಣ್ಣುಗಳು ಅದರ ಊಟ. ಹುತ್ತ, ಪೊದೆ, ಗವಿ, ಇವು ಮೂರೂ ಇದ್ದಲ್ಲಿ ಕರಡಿ. ಇವುಗಳಲ್ಲಿ ಒಂದೂ ‘ಮರ’ ಅಲ್ಲ. ಅರಣ್ಯ ಕಾಯ್ದೆಯ ಬುನಾದಿ ಇರುವುದು ಮರಮುಟ್ಟು ಮತ್ತು ಅರಣ್ಯ ಉತ್ಪನ್ನದ ಕಾವಲಿನಲ್ಲಿ. ಕಾಯ್ದಿಟ್ಟ ಅರಣ್ಯದಲ್ಲಿ ಕಾರ್ಯಯೋಜನೆಯ ಪ್ರಕಾರ ಪೊದೆ ಸವರಿ, ಗುಂಡಿ ತೋಡಿ, ನೆಡುತೋಪು ಎಬ್ಬಿಸಿದರೆ ಅದು ಅಪರಾಧವಲ್ಲ, ಪ್ರಗತಿ ವರದಿಯಲ್ಲಿ ಸಾಧನೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಕಲಂ ಇದನ್ನು ತಿರುವಿ ಹಾಕುತ್ತದೆ. ಧಾಮದೊಳಗೆ ಯಾವುದೇ ವನ್ಯಜೀವಿಯ ನೆಲೆ ಕೆಡಿಸುವುದು, ಅರಣ್ಯ ಉತ್ಪನ್ನ ತೆಗೆಯುವುದು, ನೀರಿನ ಹರಿವು ತಿರುಗಿಸುವುದು ನಿಷಿದ್ಧ. ವನ್ಯಜೀವಿಗೆ ಒಳ್ಳೆಯದಾಗುತ್ತದೆ ಎಂದು ರಾಜ್ಯ ಸರ್ಕಾರಕ್ಕೆ ಮನವರಿಕೆಯಾದರೆ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಡಬಹುದು. ಇಲ್ಲಿ ಪ್ರಶ್ನೆಯೇ ಬದಲಾಗುತ್ತದೆ. ಮರ ಎಷ್ಟು ಹೋಯಿತು ಎಂದು ಯಾರೂ ಕೇಳುವುದಿಲ್ಲ, ಕರಡಿಗೆ ಏನಾಯಿತು ಎಂದು ಕೇಳುತ್ತಾರೆ. ಕುರಿಗಾರರು ಗಮನಿಸಬೇಕಾದ ಮಾತೊಂದಿದೆ. 33ನೇ ಕಲಮಿನ ‘ಡಿ’ ಖಂಡದಡಿ ಅನುಮತಿ ಪಡೆದ ಮೇಯಿಸುವಿಕೆ ಮತ್ತು ದನಕುರಿಗಳ ಓಡಾಟ 29ರ ನಿಷೇಧದಲ್ಲಿ ಬರುವುದಿಲ್ಲ ಎಂದು ಆ ಕಲಮಿನ ವಿವರಣೆಯಲ್ಲೇ ಇದೆ. ಧಾಮ ಅಂದ ತಕ್ಷಣ ಕುರಿ ಹೊರಗೆ ಎಂಬುದು ಕಾನೂನಿನ ಮಾತಲ್ಲ. ಅನುಮತಿ ಕೇಳದೆ ನುಗ್ಗುವುದೂ ಕಾನೂನಲ್ಲ.

ಗಣಿ ಮತ್ತು ಕ್ವಾರಿಯ ವಿಷಯದಲ್ಲಿ ಧಾಮದ ಗೆರೆಗೆ ಇನ್ನೊಂದು ಬಲವಿದೆ. ಧಾಮದೊಳಗೂ ಅದರ ಗಡಿಯಿಂದ 1 ಕಿಲೋಮೀಟರ್ ಒಳಗೂ ಗಣಿಗಾರಿಕೆ ಕೂಡದು ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಮತ್ತೆ ಖಚಿತಪಡಿಸಿತು. ಬಂಡೆಗುಡ್ಡಗಳಲ್ಲಿ ಮಾತ್ರ ಬಾಳುವ ಹಳದಿ ಕೊರಳಿನ ಪಿಕಳಾರದಂಥ ಹಕ್ಕಿಗೆ ಆ ಒಂದು ಕಿಲೋಮೀಟರ್ ದೊಡ್ಡದು.

ವೀಕ್ಷಣಾ ಗೋಪುರದ ಎದುರಿನ ಬಂಡೆಗೆ ಬೆಲ್ಲದ ಪಾಕ ಸವರಿ ಕರಡಿ ಕರೆಯುವ ರೂಢಿ ಬಗ್ಗೆ ಕೇಳುತ್ತಾರೆ. ಪಾಕ ಪ್ರವಾಸಿಗರ ಕಣ್ಣಿಗೆ ಬೇಕಾದದ್ದು. ಕರಡಿಗೆ ಬೇಕಾದದ್ದು ಹುತ್ತ.

ಹೊಳೆಗೆ ಬೇರೆ ಕಲಂ

ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗೆ, ತುಂಗಭದ್ರೆಯ 34 ಕಿಲೋಮೀಟರ್ ಉದ್ದಕ್ಕೆ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ನೀರುನಾಯಿಗೆಂದೇ ಮೀಸಲಾದ ಪ್ರದೇಶ ದೇಶದಲ್ಲಿ ಇದೇ ಮೊದಲು. ಹೊಳೆ ನಡುವಿನ ಚಪ್ಪಟೆ ಬಂಡೆಯ ಮೇಲೆ ಮೀನಿನ ಹುರುಪೆ, ಮುಳ್ಳು ತುಂಬಿದ, ಮೀನು ನಾರುವ ಹಿಕ್ಕೆಯ ಗುಡ್ಡೆ ಕಂಡರೆ ಅದು ಒಂದು ಕುಟುಂಬದ ಗಡಿಕಲ್ಲು ಎಂದು ತಿಳಿಯಿರಿ. ಮರಿಗಳಿರುವ ಬಿಲ ಹತ್ತಿರದ ಜೊಂಡಿನಲ್ಲೋ ಬಂಡೆ ಪೊಟರೆಯಲ್ಲೋ ಇರುತ್ತದೆ.

ಈ ಮೀಸಲು ಅದೇ ವನ್ಯಜೀವಿ ಕಾಯ್ದೆಯ 36ಎ ಕಲಮಿನಡಿ ಆದದ್ದು, ಧಾಮವಲ್ಲ. ವ್ಯತ್ಯಾಸವನ್ನು ಸರಿಯಾಗಿ ತಿಳಿದುಕೊಳ್ಳಬೇಕು, ಏಕೆಂದರೆ ತಪ್ಪುಗಳು ನಡೆಯುವುದು ಇಲ್ಲೇ. ಸರ್ಕಾರಿ ಜಾಗವನ್ನು, ಊರವರೊಂದಿಗೆ ಸಮಾಲೋಚಿಸಿದ ಮೇಲೆ, ಸಂರಕ್ಷಣಾ ಮೀಸಲು ಮಾಡಬಹುದು. ಜನರ ಹಕ್ಕು ಹೋಗುವುದಿಲ್ಲ. 36ಬಿ ಪ್ರಕಾರ ನಿರ್ವಹಣಾ ಸಮಿತಿ ಇರಬೇಕು, ಮೀಸಲು ಹಾದುಹೋಗುವ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬ ಪ್ರತಿನಿಧಿ ಅದರಲ್ಲಿ ಇರಬೇಕು. ನಿಮ್ಮ ಪಂಚಾಯಿತಿಯಿಂದ ಯಾರು ಹೋಗುತ್ತಾರೆ, ಕೊನೆಯ ಸಭೆ ಯಾವಾಗ ನಡೆಯಿತು ಎಂದು ಇವತ್ತೇ ವಿಚಾರಿಸಿ.

ಈಗ ಬಿರುಕು ಎಲ್ಲಿದೆ ನೋಡಿ. ಧಾಮಕ್ಕಿರುವ ಎಲ್ಲ ಕಲಮುಗಳೂ ಮೀಸಲಿಗೆ ಅನ್ವಯಿಸುವುದಿಲ್ಲ. 18ರ 2ನೇ ಉಪಕಲಂ, 27ರ 2ರಿಂದ 4ರವರೆಗಿನ ಉಪಕಲಮುಗಳು, 30, 32 ಮತ್ತು 33ರ ಬಿ, ಸಿ ಖಂಡಗಳು ಮಾತ್ರ. ಪಟ್ಟಿಯಲ್ಲಿ 29 ಇಲ್ಲ! ಅಂದರೆ ದಂಡೆಯ ಮರಳು ಬಗೆದು ನೀರುನಾಯಿಯ ನೆಲೆ ಕೆಡಿಸಿದವನ ಮೇಲೆ 29ನೇ ಕಲಂ ಹಾಕಿ ಪ್ರಕರಣ ದಾಖಲಿಸಿದರೆ ಮೊದಲ ವಿಚಾರಣೆಯಲ್ಲೇ ವಕೀಲರು ಎತ್ತಿ ಬಿಸಾಡುತ್ತಾರೆ. ಮರಳಿಗೆ 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳು ಬೇಕು. ಬೇಸಿಗೆಯ ಮರಳುದಿಣ್ಣೆಯಲ್ಲಿ ಮೊಸಳೆ, ಆಮೆ ಮೊಟ್ಟೆ ಇಡುತ್ತವೆ, ಹಾರೆ-ಪುಟ್ಟಿ ಹಿಡಿದು ಜನ ಇಳಿಯುವುದೂ ಅದೇ ಬೇಸಿಗೆಯಲ್ಲಿ. ಮೊಟ್ಟೆಗೆ ಕೈ ಹಾಕಿದ್ದು ಸಾಬೀತಾದರೆ ಅದು 2ನೇ ಕಲಮಿನ ವ್ಯಾಖ್ಯೆಯಂತೆ ‘ಬೇಟೆ’. ಆಗ ಬೇಟೆ ನಿಷೇಧಿಸುವ 9ನೇ ಕಲಂ ಬರುತ್ತದೆ, ಅದು ಎಲ್ಲಾದರೂ ಅನ್ವಯ.

32 ಮಾತ್ರ ಮೀಸಲಿಗೆ ಅನ್ವಯಿಸುತ್ತದೆ ಎಂಬುದು ದೊಡ್ಡ ಆಸರೆ. ರಾಸಾಯನಿಕ, ಸ್ಫೋಟಕ, ವನ್ಯಜೀವಿಗೆ ಅಪಾಯ ತರುವ ಯಾವುದನ್ನೂ ಬಳಸುವಂತಿಲ್ಲ. ಮದ್ದು ಹಾಕಿ ಮೀನು ಹಿಡಿಯುವುದು ಇದರಡಿ ನೇರ ಅಪರಾಧ. 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆಯಲ್ಲೂ ಅದು ಅಪರಾಧವೇ. ಒಂದು ತೋಟೆ ಸಿಡಿದರೆ ದೊಡ್ಡ ಮೀನು ತೇಲುತ್ತದೆ, ಅದರ ಜೊತೆ ಬೆರಳುದ್ದದ ಮರಿಗಳೆಲ್ಲ ಸತ್ತು ತಳ ಸೇರುತ್ತವೆ. ಮುಂದಿನ ವರ್ಷ ಬಲೆ ಬೀಸುವ ಮೀನುಗಾರನಿಗೂ ನೀರುನಾಯಿಗೂ ಒಂದೇ ಪೆಟ್ಟು. ಈ ಒಂದು ವಿಷಯದಲ್ಲಿ ಕಾನೂನು ಮತ್ತು ಮೀನುಗಾರರ ಸಂಘ ಒಂದೇ ದೋಣಿಯಲ್ಲಿವೆ.

ಅಂಕಸಮುದ್ರದ ಕೆರೆಯೂ 36ಎ ಅಡಿಯ ಮೀಸಲು. 2017ರಲ್ಲಿ 98.76 ಹೆಕ್ಟೇರ್ ಘೋಷಣೆಯಾಗಿ, 2024ರಲ್ಲಿ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಈಗ ಅದು ವಿಜಯನಗರ ಜಿಲ್ಲೆಯ ಪಾಲು. ನೀರಾವರಿಗೆ ಕಟ್ಟಿಸಿದ ಕೆರೆಯ ಜಾಲಿಮರಗಳಲ್ಲಿ ಸಾವಿರಾರು ಹಕ್ಕಿ ಗೂಡು ಕಟ್ಟುತ್ತವೆ. ಊರವರು ಕಾದದ್ದಕ್ಕೆ ಅದು ಮೀಸಲಾಯಿತು, ಮೀಸಲಾದ ಮೇಲೆ ಕಾದದ್ದಲ್ಲ.

ಸಂಡೂರಿನ ಲೆಕ್ಕ

ಸಂಡೂರಿಗೆ ಬಂದರೆ ಮಾತು ಉದ್ದವಾಗುತ್ತದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿತು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಸೇರಿ 166 ಗುತ್ತಿಗೆಗಳನ್ನು ಅಳೆಸಿ ಮೂರು ಗುಂಪು ಮಾಡಿದರು. ಉಲ್ಲಂಘನೆ ಇಲ್ಲದ ಅಥವಾ ಅತ್ಯಲ್ಪವಾದ ‘ಎ’ 45. ಗುತ್ತಿಗೆಯ ಹೊರಗೆ ಶೇ 10ರೊಳಗೆ ಗುಂಡಿ ಅಥವಾ ಶೇ 15ರೊಳಗೆ ಮಣ್ಣಿನ ರಾಶಿ ಹಾಕಿದ ‘ಬಿ’ 72. ಅದನ್ನೂ ಮೀರಿದ ‘ಸಿ’ 49. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ‘ಸಿ’ ಗುತ್ತಿಗೆಗಳು ರದ್ದಾದವು.

ಅರಣ್ಯದ ಮೇಲೆ ಇಷ್ಟು ಅತ್ಯಾಚಾರ ನಡೆದದ್ದು 1980ರ ಕಾಯ್ದೆ ಜಾರಿಯಲ್ಲಿದ್ದಾಗಲೇ ಎಂಬುದನ್ನು ಮರೆಯಬಾರದು. ಆ ಕಾಯ್ದೆಯಲ್ಲಿ ಉಲ್ಲಂಘನೆಗೆ ಇರುವ ಗರಿಷ್ಠ ಶಿಕ್ಷೆ 15 ದಿನಗಳ ಸಾದಾ ಸಜೆ. ಅದೇ ವನ್ಯಜೀವಿ ಕಾಯ್ದೆಯಲ್ಲಿ 1ನೇ ಅನುಸೂಚಿಯ ಪ್ರಾಣಿಯನ್ನು ಕೊಂದರೆ 3ರಿಂದ 7 ವರ್ಷ. ಕರಡಿ ಕೊಂದವನಿಗೆ ಏಳು ವರ್ಷ, ಕರಡಿ ಇರುವ ಗುಡ್ಡವನ್ನೇ ಕರಗಿಸಿದವನಿಗೆ ಹದಿನೈದು ದಿನ.

ಕಾನೂನುಬದ್ಧ ದಾರಿಯಲ್ಲೂ ನಮ್ಮ ಕಾಡು ಅಗ್ಗ. ಅರಣ್ಯ ಭೂಮಿ ಬೇರೆ ಉದ್ದೇಶಕ್ಕೆ ಹೋಗಬೇಕಾದರೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿ, ಉಪ ಅರಣ್ಯ ಸಂರಕ್ಷಣಾಧಿಕಾರಿಯ ಸ್ಥಳ ಪರಿಶೀಲನೆ, ರಾಜ್ಯದ ಶಿಫಾರಸು, ಕೇಂದ್ರದ ಮೊದಲ ಹಂತದ ತಾತ್ವಿಕ ಒಪ್ಪಿಗೆ, ಷರತ್ತು ಪೂರೈಸಿದ ಮೇಲೆ ಎರಡನೇ ಹಂತದ ಅಂತಿಮ ಒಪ್ಪಿಗೆ. ಷರತ್ತುಗಳಲ್ಲಿ ಪರಿಹಾರಾತ್ಮಕ ಅರಣ್ಯೀಕರಣ, ಅಂದರೆ ಹೋದ ಕಾಡಿಗೆ ಬದಲು ಬೇರೆಡೆ ಗಿಡ ಬೆಳೆಸುವುದು, ಒಂದು. ನಿವ್ವಳ ಪ್ರಸ್ತುತ ಮೌಲ್ಯ, ಅಂದರೆ ಹೋಗುವ ಕಾಡಿಗೆ ಕಟ್ಟಿದ ಬೆಲೆ, ತುಂಬುವುದು ಇನ್ನೊಂದು. 2008ರಲ್ಲಿ ಈ ಮೌಲ್ಯ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ ಎಂದು ನಿಗದಿಯಾಯಿತು. ಮೇಲಿನ ದರ ದಟ್ಟ ನಿತ್ಯಹರಿದ್ವರ್ಣ ಕಾಡಿಗೆ, ಅತಿ ಕೆಳಗಿನ 4.38 ಲಕ್ಷ ವಿರಳ ಮುಳ್ಳುಕಾಡಿಗೆ. 2022ರಲ್ಲಿ ದರಗಳು ಏರಿದವು, ಮೇಲುಕೀಳಿನ ಏಣಿ ಹಾಗೇ ಉಳಿಯಿತು. ಧಾಮವಾದರೆ ಐದು ಪಟ್ಟು, ರಾಷ್ಟ್ರೀಯ ಉದ್ಯಾನವಾದರೆ ಹತ್ತು ಪಟ್ಟು ಕಟ್ಟಬೇಕು. ಸಂಡೂರಿನ ಸ್ವಾಮಿಮಲೆ ಸಾಲಿನ ಕಾಡು ಧಾಮವಲ್ಲ ಎಂಬುದು ಯಾರಿಗೆ ಅನುಕೂಲ ಎಂದು ಹೇಳಬೇಕಾಗಿಲ್ಲ.

ಅಗೆದ ಗಣಿ ನೆಲದ ಪುನಶ್ಚೇತನ ಯೋಜನೆಗಳಲ್ಲಿ ಏನು ಬರೆದಿರುತ್ತಾರೆ? ಗುತ್ತಿಗೆ ಗಡಿಯುದ್ದಕ್ಕೂ 7.5 ಮೀಟರ್ ಸುರಕ್ಷಾ ಪಟ್ಟಿ, ಅಲ್ಲಿ ಗಿಡ. ಮಣ್ಣಿನ ರಾಶಿಯ ಒಟ್ಟಾರೆ ಇಳಿಜಾರು 28 ಡಿಗ್ರಿ ಮೀರದಂತೆ ಮೆಟ್ಟಿಲು. ಬುಡದಲ್ಲಿ ತಡೆಗೋಡೆ, ಅದರಾಚೆ ಕಾಲುವೆ, ಹಳ್ಳದಲ್ಲಿ ಕಲ್ಲಿನ ತಡೆಅಣೆ, ಇಳಿಜಾರಿಗೆ ತೆಂಗಿನ ನಾರಿನ ಚಾಪೆ. ಇದೆಲ್ಲ ಸರಿಯಾಗಿ ಮಾಡಿದ ಕಡೆ ಮಳೆಗಾಲದಲ್ಲಿ ಹಳ್ಳದ ಕೆಂಪು ಇಳಿಯುತ್ತದೆ. ಕೆಡುವುದು ಎರಡು ಕಡೆ. ಒಂದು, ಅಗೆಯುವ ಮುಂಚೆ ಮೇಲ್ಮಣ್ಣನ್ನು ಬೇರೆ ತೆಗೆದಿಡುವುದಿಲ್ಲ. ಇಟ್ಟರೂ ಎತ್ತರಕ್ಕೆ ಸುರಿದು ವರ್ಷಗಟ್ಟಲೆ ಬಿಡುತ್ತಾರೆ, ಒಳಗಿನ ಬೀಜ, ಶಿಲೀಂಧ್ರ, ಎರೆಹುಳು ಸಾಯುತ್ತವೆ. ಇನ್ನೊಂದು, ಬೇಗ ಹಸಿರು ಕಾಣಲಿ ಎಂದು ಗ್ಲಿರಿಸಿಡಿಯಾ, ಅಕೇಶಿಯಾ ನೆಡುತ್ತಾರೆ. ಉಪಗ್ರಹಕ್ಕೆ ಹಸಿರು ಕಾಣುತ್ತದೆ, ಕರಡಿಗೆ ಹಣ್ಣಿಲ್ಲ. ಕವಳೆ, ದಿಂಡಿಗ, ಕಗ್ಗಲಿ, ಕಮರ ನಿಧಾನ. ಆದರೆ ಆ ಮಣ್ಣಿಗೆ ಆ ಬಿಸಿಲಿಗೆ ಬಂದದ್ದು ಅವೇ.

ನನ್ನ ಎಣಿಕೆಯಲ್ಲಿ ಸಂಡೂರಿನ ಜೀವಿಗಳನ್ನು ಕಾದದ್ದು ಅರಣ್ಯ ಕಾಯ್ದೆಗಿಂತ ಹೆಚ್ಚಾಗಿ ಕೋರ್ಟು ಹಾಕಿದ ಉತ್ಪಾದನಾ ಮಿತಿ. 2013ರಲ್ಲಿ ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ-ತುಮಕೂರಿಗೆ 50 ಲಕ್ಷ ಟನ್ ಎಂದು ಕಟ್ಟು ಹಾಕಿದ್ದು, 2022ರಲ್ಲಿ 3.5 ಕೋಟಿ ಮತ್ತು 1.5 ಕೋಟಿಗೆ ಏರಿತು. ಮಿತಿ ಏರಿದಷ್ಟೂ ಲಾರಿ, ಲಾರಿ ಏರಿದಷ್ಟೂ ಎಲೆಯ ಮೇಲೆ ಕೆಂಧೂಳು. ಈ ಸರಪಳಿಗೆ ಅರಣ್ಯ ಕಾಯ್ದೆಯಲ್ಲಿ ಕಲಂ ಇಲ್ಲ.

ಹುಲ್ಲುಗಾವಲಿಗೆ ಮರವೇ ಶತ್ರು

ಇದೇ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ 332.68 ಹೆಕ್ಟೇರ್ ಈಗ ತೋಳಧಾಮ. ತೋಳಕ್ಕಾಗಿಯೇ ಮಾಡಿದ ಧಾಮ ಇದಕ್ಕೆ ಮೊದಲು ಜಾರ್ಖಂಡಿನ ಮಹುವಾಡಾಂಡದಲ್ಲಿತ್ತು, 1976ರಲ್ಲಿ ಆದದ್ದು. ತೋಳಕ್ಕೆ ಬೇಕಾದದ್ದು ಬಯಲು, ಹುಲ್ಲು, ಮರಿ ಹಾಕಲು ಗವಿ ಅಥವಾ ಬಿಲ. ಒಂದು ತಂಡ ಸುತ್ತುವ ಸೀಮೆಗೆ 332 ಹೆಕ್ಟೇರ್ ಯಾತಕ್ಕೂ ಸಾಲದು. ರಾತ್ರಿ ಅದು ಹೊಲ, ಗಾಯರಾಣ ದಾಟಿ ಹೋಗುತ್ತದೆ. ಧಾಮ ಕಾಯುವುದು ಹೆರಿಗೆ ಮನೆಯನ್ನು. ಉಳಿದ ಕಾವಲು ಕುರಿಗಾರರ ಕೈಯಲ್ಲಿದೆ. ಬಿಲಕ್ಕೆ ಕಲ್ಲು ತುಂಬುವುದು, ಹೊಗೆ ಹಾಕುವುದು, ಸತ್ತ ಕುರಿಗೆ ವಿಷ ಸವರುವುದು ಧಾಮದ ಹೊರಗೂ ಬೇಟೆಯೇ. ‘ಪ್ರಯತ್ನ’ವೂ ಬೇಟೆ ಎಂದು ಕಾಯ್ದೆ ಹೇಳುತ್ತದೆ.

ಬಯಲಿಗೆ ಗಿಡ ನೆಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ರಾಣೆಬೆನ್ನೂರು ಕಣ್ಣೆದುರಿಗಿದೆ. 119 ಚದರ ಕಿಲೋಮೀಟರಿನ ಆ ಧಾಮವನ್ನು 1974ರಲ್ಲಿ ಕೃಷ್ಣಮೃಗ ಮತ್ತು ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಾಗಿ ಮಾಡಿದರು. ಧಾಮದ ಬಹುಭಾಗ ನೀಲಗಿರಿ ತೋಪಾಯಿತು. ನೆಲದ ಮೇಲೆ ಒಂದೇ ಮೊಟ್ಟೆ ಇಟ್ಟು, ನಾಲ್ಕೂ ದಿಕ್ಕು ಕಾಣುವಂತೆ ಕೂರುವ ಎರೆಭೂತ ಅಲ್ಲಿಂದ ಕಣ್ಮರೆಯಾಯಿತು. ಕಾಯ್ದೆ ಇತ್ತು, ಧಾಮ ಇತ್ತು, ಅನುದಾನ ಇತ್ತು.

ಇವತ್ತು ರಾಜ್ಯದಲ್ಲಿ ಆ ಹಕ್ಕಿ ಬೆರಳೆಣಿಕೆಯಷ್ಟು ಕಾಣುವುದು ಬಳ್ಳಾರಿಯ ಸಿರುಗುಪ್ಪ ತಾಲ್ಲೂಕಿನ ಎರೆಹೊಲಗಳಲ್ಲಿ. ಅದು ಅರಣ್ಯವಲ್ಲ, ರೈತರ ಪಟ್ಟಾ ಜಮೀನು. 9ನೇ ಕಲಂ ಹಕ್ಕಿಯನ್ನು ಕಾಯುತ್ತದೆ, ಹೊಲವನ್ನು ಕಾಯುವ ಕಲಂ ಇಲ್ಲ. ಜೋಳ, ಕಡಲೆ ಬಿತ್ತುವ ಒಣಹೊಲ ಕಾಲುವೆ ನೀರು ಬಂದು ಭತ್ತದ ಗದ್ದೆಯಾದರೆ ಹಕ್ಕಿಗೆ ಅದು ಕೆರೆಯಿದ್ದಂತೆ. ಖಾಸಗಿ ಜಮೀನಿನ ಒಡೆಯರು ತಾವಾಗಿ ಮುಂದೆ ಬಂದರೆ 36ಸಿ ಅಡಿ ಸಮುದಾಯ ಮೀಸಲು ಮಾಡಬಹುದು. ಆದರೆ ಅಧಿಸೂಚನೆ ಆದ ಮೇಲೆ ಬಳಕೆ ಬದಲಿಸಲು ಸಮಿತಿ ಮತ್ತು ಸರ್ಕಾರದ ಒಪ್ಪಿಗೆ ಬೇಕು. ಬೆಳೆ ನಷ್ಟಕ್ಕೆ ಲಿಖಿತ ಭರವಸೆ ಇಲ್ಲದೆ ಯಾವ ರೈತ ಸಹಿ ಹಾಕುತ್ತಾನೆ?

ಜನರ ಹಕ್ಕಿನ ಕಾನೂನುಗಳ ಬಗ್ಗೆ ಎರಡು ಮಾತು ಸಾಕು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಾಗುವಳಿಯ ಹಕ್ಕಿನ ಗಡಿ ದಿನಾಂಕ 2005ರ ಡಿಸೆಂಬರ್ 13. ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಎಲ್ಲರೂ ವೈಯಕ್ತಿಕ ಅರ್ಜಿ ತುಂಬಿದರು. ಮೇವು, ವಲಸೆ ಕುರಿಗಳ ದಾರಿ, ಇಡೀ ಊರಿನ ಅರಣ್ಯ ಸಂಪನ್ಮೂಲ, ಇವುಗಳ ಸಾಮುದಾಯಿಕ ಹಕ್ಕಿನ ಅರ್ಜಿಯನ್ನು ಕೈಬಿಟ್ಟರು. ಇನ್ನು 2002ರ ಜೀವವೈವಿಧ್ಯ ಕಾಯ್ದೆ. ಪ್ರತಿ ಪಂಚಾಯಿತಿಗೆ ಜೀವವೈವಿಧ್ಯ ನಿರ್ವಹಣಾ ಸಮಿತಿ, ಒಂದು ಜನತಾ ಜೀವವೈವಿಧ್ಯ ದಾಖಲಾತಿ. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿ, ತಪ್ಪಿದರೆ ರಾಜ್ಯಕ್ಕೆ ತಿಂಗಳಿಗೆ 10 ಲಕ್ಷ ದಂಡ ಎಂದಿದ್ದರಿಂದ ದಾಖಲಾತಿಗಳನ್ನು ತರಾತುರಿಯಲ್ಲಿ ತುಂಬಲಾಯಿತು. ನಿಮ್ಮ ಪಂಚಾಯಿತಿಯ ಪುಸ್ತಕ ತೆಗೆದು ನೋಡಿ. ನಿಮ್ಮೂರಲ್ಲಿ ಇಲ್ಲದ ಹಲಸು, ಏಲಕ್ಕಿ ಅದರಲ್ಲಿದ್ದು ಕವಳೆ ಇಲ್ಲದಿದ್ದರೆ ಎಲ್ಲಿಂದಲೋ ನಕಲು ಆಗಿದೆ. ಸರಿಪಡಿಸುವ ಅಧಿಕಾರ ಸಮಿತಿಗೇ ಇದೆ. ಗಿಡದ ಊರ ಹೆಸರು, ಸಿಗುವ ಜಾಗದ ಸರ್ವೆ ನಂಬರು, ಹೂವು-ಕಾಯಿಯ ತಿಂಗಳು, ಯಾರು ಕೀಳುತ್ತಾರೆ, ಯಾರಿಗೆ ಮಾರುತ್ತಾರೆ, ಇವಿಷ್ಟು ಇದ್ದರೆ ಆ ಪುಟ ನಾಳೆ ಕ್ವಾರಿ ಅರ್ಜಿಯ ವಿಚಾರಣೆಯಲ್ಲಿ ಸಾಕ್ಷಿ. ಇಲ್ಲದಿದ್ದರೆ ರದ್ದಿ.

ಎರಡು ಪ್ರಶ್ನೆ

ಹಿಂದಿನ ಸಾಲಿನ ಕುರಿಗಾರರೊಬ್ಬರು ಕೇಳಿದರು: “ತ್ವಾಳ ಕುರಿ ಹಿಡದ್ರ ರೊಕ್ಕ ಕೊಡ್ತೀವಿ ಅಂತಾರ್ರೀ ಸಾಹೇಬ್ರ. ಅರ್ಜಿ ಕೊಟ್ರ ನಾಯಿ ಹಿಡದೈತಿ ಅಂತಾರ. ಏನ್ ಮಾಡೂಣು?”

ನೋಡ್ರಿ ಯಜಮಾನ್ರ, ಜಗಳ ಆಗುವುದು ಕಳೇಬರ ಎತ್ತಿದ ಮೇಲೆ. ಎತ್ತಬೇಡಿ. ಅದಿದ್ದ ಜಾಗದಲ್ಲೇ ಗಾಯ ಕಾಣುವಂತೆ, ಸುತ್ತಲಿನ ಹೆಜ್ಜೆ ಕಾಣುವಂತೆ ಫೋಟೊ ತೆಗೆಯಿರಿ, ಫೋನಿನಲ್ಲಿ ಸ್ಥಳ ದಾಖಲಾಗುವ ಆಯ್ಕೆ ಆನ್ ಇರಲಿ. ಅದೇ ದಿನ ಗಸ್ತು ಅರಣ್ಯ ಪಾಲಕರಿಗೆ ತಿಳಿಸಿ, ಪಶುವೈದ್ಯರನ್ನು ಕರೆಸಿ. ಕುತ್ತಿಗೆಯ ಒಂದೆರಡು ಆಳವಾದ ಕಡಿತ, ಕಳೇಬರ ಎಳೆದೊಯ್ದ ಗುರುತು ಇದ್ದರೆ ತೋಳ ಇರಬಹುದು. ಹಿಂಗಾಲು, ತೊಡೆ, ಹೊಟ್ಟೆ ಎಲ್ಲೆಂದರಲ್ಲಿ ಹರಿದು, ಹಲವು ಕುರಿ ಕಚ್ಚಿ ತಿನ್ನದೆ ಬಿಟ್ಟಿದ್ದರೆ ನಾಯಿ ಎಂಬ ಅನುಮಾನ ಹೆಚ್ಚು. ವೈದ್ಯರ ಪ್ರಮಾಣಪತ್ರದಲ್ಲಿ ಈ ವಿವರ ಬರೆಸಿ, ‘ಕಾಡುಪ್ರಾಣಿ’ ಎಂಬ ಒಂದು ಪದ ಸಾಲದು. ಮಹಜರಿಗೆ ಸಹಿ ಹಾಕುವ ಮುಂಚೆ ಓದಿಸಿಕೊಂಡು ಕೇಳಿ. ಇಲಾಖೆಯವರು ಕೇಸ್ ಹಾಕಲು ಹಿಂದೇಟು ಹಾಕುವ ವನ್ಯಜೀವಿ ಅಪರಾಧವಿದ್ದರೆ, ವನ್ಯಜೀವಿ ಕಾಯ್ದೆಯ 55ನೇ ಕಲಮಿನಡಿ 60 ದಿನಗಳ ನೋಟಿಸ್ ಕೊಟ್ಟು ಸಾಮಾನ್ಯರೂ ನೇರವಾಗಿ ನ್ಯಾಯಾಲಯಕ್ಕೆ ದೂರು ಕೊಡಬಹುದು.

ಇನ್ನೊಂದು ಪ್ರಶ್ನೆ ಪಂಚಾಯಿತಿ ಸದಸ್ಯೆಯೊಬ್ಬರದ್ದು: “ಗಾಯರಾಣದ ತುಂಬ ಬಳ್ಳಾರಿ ಜಾಲಿ ಹಬ್ಬೇತ್ರಿ. ಹುಲ್ಲಿಗೆ ಜಾಗ ಇಲ್ಲ. ಕಡದ್ರ ಕೇಸ್ ಆಗತೈತೇನ್ರಿ?”

ಅಕ್ಕಾರ, ಹೊರದೇಶದಿಂದ ಬಂದ ಗಿಡ ನಮ್ಮೂರ ಹೆಸರು ಇಟ್ಟುಕೊಂಡು ಕೂತಿದೆ! 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯಲು ಅನುಮತಿ ಬೇಡದ ಮರಗಳ ಪಟ್ಟಿಯಲ್ಲಿ ನೀಲಗಿರಿ, ಸುಬಾಬುಲ್, ಸಿಲ್ವರ್ ಓಕ್ ಜೊತೆ ಈ ಜಾಲಿಯೂ ಇದೆ. ಗಾಯರಾಣ ನಿಜವಾಗಿಯೂ ಕಂದಾಯದ್ದೇ ಆಗಿದ್ದರೆ ಪಂಚಾಯಿತಿ ಠರಾವು ಮಾಡಿ, ತಹಸೀಲ್ದಾರರಿಗೆ ತಿಳಿಸಿ ತೆಗೆಸಿ. 4 ಅಥವಾ 17 ಆದ ಜಾಗವಾಗಿದ್ದರೆ ಒಂದು ರೆಂಬೆಗೂ ಕೈ ಹಾಕಬೇಡಿ, ಅಲ್ಲಿ ಅರಣ್ಯ ಇಲಾಖೆಯೇ ತೆಗೆಸಬೇಕು. ಅದಕ್ಕೇ ಮೊದಲು ಪಹಣಿ. ತೆಗೆಯುವಾಗ ನೆಲದ ಮಟ್ಟಕ್ಕೆ ಕಡಿದರೆ ಒಂದು ಬೊಡ್ಡೆಗೆ ಹತ್ತು ಚಿಗುರು ಏಳುತ್ತವೆ. ಬೊಡ್ಡೆಯ ಸುತ್ತ ಒಂದು ಗೇಣು ಅಗೆದು, ಚಿಗುರುವ ಗಂಟಿನ ಕೆಳಗೆ ಬೇರು ಕತ್ತರಿಸಬೇಕು. ಕಾಯಿ ಬಲಿಯುವ ಮುಂಚೆಯೇ ಮಾಡಿ. ಕಾಯಿ ತಿಂದ ಕುರಿಗಳ ಹಿಕ್ಕೆಯಲ್ಲಿ ಬೀಜ ಇಡೀ ಗಾಯರಾಣಕ್ಕೆ ಹೋಗುತ್ತದೆ. ತೆಗೆದ ಜಾಗದಲ್ಲಿ ಮೊದಲ ಮಳೆಗೆ ಸಸಿಗಳು ಏಳುತ್ತವೆ, ಬೆರಳುದ್ದ ಇದ್ದಾಗ ಕೈಯಲ್ಲಿ ಕಿತ್ತರೆ ಬರುತ್ತವೆ, ಮೊಣಕಾಲುದ್ದ ಆದರೆ ಮತ್ತೆ ಹಾರೆ ಬೇಕು. ಆ ಜಾಗಕ್ಕೆ ಬೇರೆ ಗಿಡ ನೆಡಿಸಲು ಯಾರಾದರೂ ಬಂದರೆ ಬೇಡ ಅನ್ನಿ. ಹುಲ್ಲು ತಾನೇ ಬರುತ್ತದೆ.